ಪೈಪು ಮುಚ್ಚಿದ ಮಾತ್ರಕ್ಕೆ ಹೊಳೆ ಚೊಕ್ಕಟ ಆಗುತ್ತಾ?

ಮೂಡಿಗೆರೆ ಕಡೆ ನಮ್ಮ ತೋಟದ ತಗ್ಗಿನಲ್ಲಿ ಒಂದು ಹಳ್ಳ ಇದೆ. ಮುಂದೆ ಹೋಗಿ ಅದು ಹೇಮಾವತಿ ಸೇರುತ್ತದೆ. ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳ ಒಂದು ಬೆಳಗಿನ ಜಾವ, ಆ ಹಳ್ಳದ ದಡದ ಕಲ್ಲುಗಳ ಮೇಲೆ ಏಡಿಗಳು ಬಂದು ಕೂತಿದ್ದವು. ಒಂದೆರಡಲ್ಲ, ಹತ್ತಿಪ್ಪತ್ತು. ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಬುಳಕ್ಕನೆ ನೀರಿಗೆ ಜಾರುವ ಜೀವ ಅವು. ಅವತ್ತು ನಾನು ಪಕ್ಕದಲ್ಲೇ ನಿಂತರೂ ಅಲ್ಲಾಡಲಿಲ್ಲ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೇಲೆ ನೊರೆ. ಹಿಟ್ಟು ಹುಳಿ ಬಂದು ಕೆಟ್ಟ ಥರದ ವಾಸನೆ.

ಕೆಳಗಿನ ಗಿರಿಜನ ಕಾಲೋನಿಯ ಅಜ್ಜಿಯೊಬ್ಬರು ಏಡಿ ಹಿಡಿಯಲು ಬಂದಿದ್ದರು. ಹಸಲರ ಸಮುದಾಯದವರು. ಸೊಂಟಕ್ಕೆ ಸಣ್ಣ ಕುಕ್ಕೆ ಕಟ್ಟಿಕೊಂಡಿದ್ದರು. ಏಡಿಗಳು ಕೈಗೆ ಸಿಗುವಂತೆ ಸಾಲಾಗಿ ಕೂತಿದ್ದರೂ ಅವರು ಒಂದನ್ನೂ ಮುಟ್ಟಲಿಲ್ಲ. ‘ಏಡಿ ನೀರು ಬಿಟ್ಟು ಮೇಲೆ ಬಂದ್ರೆ ನೀರಲ್ಲಿ ಉಸ್ರಿಲ್ಲ ಅಂತ ಲೆಕ್ಕ ಗೌಡ್ರೇ. ಇಂಥದ್ದನ್ನ ತಿನ್ನಬಾರ್ದು’ ಅಂದರು. ಬೈಯಲಿಲ್ಲ. ಖಾಲಿ ಕುಕ್ಕೆ ಹಿಡಿದು ವಾಪಸ್ ಹೋದರು.

ಆ ನೀರು ಬಿಟ್ಟಿದ್ದು ನಾವೇ. ಹಿಂದಿನ ದಿನ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡಿಸಿದ್ದೆವು. ತೊಟ್ಟಿ ತುಂಬಿತ್ತು. ರಾತ್ರಿ ಅದು ಹಳ್ಳಕ್ಕೆ ಇಳಿದಿತ್ತು. ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ಕೆಟ್ಟ ಹೊಳೆಯನ್ನು ಸರಿ ಮಾಡುವುದು ಅಂದರೆ ಏನು? ಪೈಪು ಮುಚ್ಚಿದರೆ ಆಯ್ತಾ? ಎಷ್ಟು ದಿನ ಬೇಕು? ಸರಿ ಆಯ್ತು ಅಂತ ಹೇಳಬೇಕಾದವರು ಯಾರು?

ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಇದಕ್ಕೆ ಒಂದೇ ಉತ್ತರ ಇಲ್ಲ. ನೀರಿಗೆ ಬಿದ್ದದ್ದು ಏನು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕೊಳೆಯುವ ಕೊಳೆ

ನಮ್ಮ ಕಾಫಿ ನೀರಿನಿಂದಲೇ ಶುರು ಮಾಡೋಣ. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತೇವೆ. ಬೀಜದ ಸುತ್ತ ಲೋಳೆ ಉಳಿಯುತ್ತದೆ. ಅದನ್ನು ಹುಳಿಯಲು ಬಿಟ್ಟು, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ತೊಳೆದ ನೀರಿನಲ್ಲಿ ಇರುವುದು ಸಕ್ಕರೆ, ಲೋಳೆ, ಸಿಪ್ಪೆಯ ಚೂರು. ವಿಷ ಅನ್ನುವಂಥದ್ದು ಏನೂ ಇಲ್ಲವಲ್ಲ, ಹಣ್ಣಿನ ರಸ ತಾನೇ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಆದರೆ ಸಕ್ಕರೆ ನೀರಿಗೆ ಬಿದ್ದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಅದನ್ನು ತಿಂದು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ತಿನ್ನುವಾಗ ಉಸಿರಾಡಬೇಕಲ್ಲ, ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಅವೇ ಎಳೆದುಕೊಳ್ಳುತ್ತವೆ. ಒಂದು ಲೀಟರ್ ಕೊಳೆ ನೀರು ಹೀಗೆ ಎಷ್ಟು ಆಮ್ಲಜನಕ ತಿನ್ನುತ್ತದೆ ಅನ್ನುವ ಅಳತೆಗೇ ಬಿಒಡಿ ಅನ್ನುತ್ತಾರೆ. ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಕಾರ್ಖಾನೆಗಳು ಶುದ್ಧ ಮಾಡಿ ಹೊಳೆಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ 30. ಶುದ್ಧ ಮಾಡದ ಪಲ್ಪರ್ ನೀರಿನಲ್ಲಿ ಅದು ಸಾವಿರಗಟ್ಟಲೆ ಇರುತ್ತದೆ.

ಲೆಕ್ಕ ಹಾಕಿ ನೋಡಿ. ನಮ್ಮ ಹವಾಮಾನದಲ್ಲಿ ಒಳ್ಳೆಯ ಹಳ್ಳದ ಒಂದು ಲೀಟರ್ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಪಲ್ಪರ್ ನೀರಿನ ಬಿಒಡಿ 3,000 ಇದ್ದರೆ, ಅದರ ಒಂದು ಕೊಡ 375 ಕೊಡ ಹಳ್ಳದ ನೀರಿನ ಆಮ್ಲಜನಕವನ್ನು ಪೂರ್ತಿ ಹೀರುವಷ್ಟು. ಅದೂ ಯಾವಾಗ? ಮಳೆಗಾಲದಲ್ಲಲ್ಲ. ಕೊಯ್ಲು ಇರುವುದು ನವೆಂಬರಿನಿಂದ ಆಚೆಗೆ, ಹಳ್ಳ ಸೊರಗುತ್ತಾ ಹೋಗುವ ಕಾಲದಲ್ಲಿ.

ಏಡಿಗಳು ಬೆಳಗಿನ ಜಾವವೇ ಮೇಲೆ ಬಂದಿದ್ದಕ್ಕೂ ಕಾರಣ ಇದೆ. ಹಗಲಲ್ಲಿ ಪಾಚಿ, ನೀರಿನ ಗಿಡಗಳು ಬಿಸಿಲಿಗೆ ಒಂದಷ್ಟು ಆಮ್ಲಜನಕ ತಯಾರಿಸುತ್ತವೆ. ರಾತ್ರಿ ಅದೂ ನಿಲ್ಲುತ್ತದೆ. ಎಲ್ಲರೂ ಉಸಿರಾಡುವವರೇ, ಕೊಡುವವರು ಯಾರೂ ಇಲ್ಲ. ಹಾಗಾಗಿ ಸೂರ್ಯ ಹುಟ್ಟುವ ಮೊದಲಿನ ಹೊತ್ತಿಗೆ ನೀರಿನ ಉಸಿರು ಅತಿ ಕಮ್ಮಿ ಇರುತ್ತದೆ. ಮಧ್ಯಾಹ್ನ ಬಂದು ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದರೆ ಈ ಕತೆ ಪೂರ್ತಿ ಸಿಗುವುದಿಲ್ಲ. ಅಜ್ಜಿ ಬರುವ ಹೊತ್ತಿಗೆ ಬಂದವರಿಗೆ ಮಾತ್ರ ಸಿಗುತ್ತದೆ.

ಈ ಜಾತಿಯ ಕೊಳೆಗೆ ಪರಿಹಾರ ಗೊತ್ತಿದೆ. ನೀರು ಕಮ್ಮಿ ಬಳಸುವ ಪಲ್ಪರ್ ಹಾಕುವುದು, ಅದೇ ನೀರನ್ನು ತಿರುಗಿಸಿ ಬಳಸುವುದು. ಹುಳಿಯಾದ ನೀರಿಗೆ ಸುಣ್ಣ ಹಾಕುವುದು. ಆಮೇಲೆ ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಗೇ ತಿನ್ನಲು ಬಿಡುವುದು. ಸಕ್ಕರೆ ಅಲ್ಲೇ ಕರಗಿ ಗ್ಯಾಸ್ ಆಗುತ್ತದೆ. ಅದನ್ನು ಹಿಡಿದರೆ ಒಲೆಗೂ ಆಗುತ್ತದೆ. ಕೊನೆಗೆ ಗಾಳಿಯಾಡುವ ಹೊಂಡ, ಅಲ್ಲಿಂದ ತೋಟಕ್ಕೆ. ತೊಟ್ಟಿಯ ತಳ ಸೋರಬಾರದು ಅಷ್ಟೇ. ಸೋರಿದರೆ ಬಾವಿ ಕೆಡುತ್ತದೆ. ದುಡ್ಡು ಬೇಕು ನಿಜ, ಸಣ್ಣ ಬೆಳೆಗಾರರಿಗೆ ಕಷ್ಟವೂ ನಿಜ. ಆದರೆ ಇಲ್ಲಿ ಒಂದು ಸಮಾಧಾನ ಇದೆ. ಬಿಡುವುದನ್ನು ನಿಲ್ಲಿಸಿದರೆ ಹಳ್ಳ ತಾನೇ ಚೇತರಿಸಿಕೊಳ್ಳುತ್ತದೆ. ಒಂದು ಒಳ್ಳೆಯ ಮಳೆಗಾಲ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲ ಕೊಳೆಯೂ ಹೀಗಿಲ್ಲ.

ಕುದುರೆಮುಖದ ಕಬ್ಬಿಣದ ಗಣಿಯಿಂದ ಬಂದ ಮಣ್ಣನ್ನು ನೆನೆಸಿಕೊಳ್ಳಿ. ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಮ್ಮಿ. ಬೆಟ್ಟ ಅಗೆದು, ಅದಿರನ್ನು ಹಿಟ್ಟಿನ ಹಾಗೆ ಅರೆದು, ಕಬ್ಬಿಣದ ಪುಡಿಯನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ನುಣ್ಣನೆ ಮಣ್ಣನ್ನು ಹಿಡಿದಿಡಲು ಲಕ್ಯಾ ಹಳ್ಳಕ್ಕೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ದೇಶದಲ್ಲೇ ಅತಿ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. ಬೋಳಾದ ಬೆಟ್ಟದ ಮೇಲೆ ಆ ಮಳೆ ಬಿದ್ದರೆ ಕೇಳಬೇಕಾ, ಮಣ್ಣು ಕೊಚ್ಚಿಕೊಂಡು ಭದ್ರೆಗೆ ಇಳಿಯಿತು. ಸುಪ್ರೀಂ ಕೋರ್ಟ್ 2002 ರಲ್ಲಿ ಗಣಿ ನಿಲ್ಲಿಸಲು ಹೇಳಿತು. 2005 ರ ಕೊನೆಗೆ ಗಣಿ ನಿಂತಿತು.

ಮಣ್ಣು ವಿಷ ಅಲ್ಲ. ಕೊಳೆಯುವುದೂ ಇಲ್ಲ. ಅದು ಮುಚ್ಚುತ್ತದೆ. ಹೊಳೆಯ ತಳದಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಇರುವ ಸಂದುಗಳಲ್ಲಿ ಮೀನು ಮೊಟ್ಟೆ ಇಡುತ್ತದೆ, ಏಡಿ ಅಡಗುತ್ತದೆ, ಹುಳುಗಳು ಬೆಳೆಯುತ್ತವೆ. ಆ ಸಂದುಗಳು ತುಂಬಿದರೆ ಹೊಳೆ ಹರಿಯುತ್ತಲೇ ಇರುತ್ತದೆ, ಆದರೆ ಒಳಗೆ ಮನೆಗಳೇ ಇಲ್ಲ. ಇಲ್ಲಿ ಮಾಡಬೇಕಾದ ಕೆಲಸ ಹೊಳೆಯಲ್ಲಿ ಅಲ್ಲ, ಬೆಟ್ಟದಲ್ಲಿ. ಹುಲ್ಲು ಹಿಡಿಸಬೇಕು, ಕೊರಕಲುಗಳಿಗೆ ಕಟ್ಟೆ ಹಾಕಬೇಕು, ಕಾಡು ವಾಪಸ್ ಬರಲು ಬಿಡಬೇಕು. ಮೇಲಿಂದ ಮಣ್ಣು ಬರುವುದು ನಿಂತರೆ ಪ್ರವಾಹ ವರ್ಷವರ್ಷ ಸ್ವಲ್ಪಸ್ವಲ್ಪ ತೊಳೆದುಕೊಂಡು ಹೋಗುತ್ತದೆ. ಅಣೆಕಟ್ಟಿನ ಹಿಂದೆ ಕೂಡಿಟ್ಟ ಮಣ್ಣು ಮಾತ್ರ ಅಲ್ಲೇ ಇದೆ. ಗಣಿ ಮುಚ್ಚಿದರೂ ಆ ಕಟ್ಟೆಯನ್ನು ಕಾಯುವ ಕೆಲಸ ಮುಗಿಯುವುದಿಲ್ಲ. ಮಲೆಕುಡಿಯರು, ಗೌಡಲು ಸಮುದಾಯದವರು ತಲೆಮಾರುಗಳಿಂದ ಬದುಕಿದ ಕಾಡು ಅದು.

ಹತ್ತುವ ವಿಷ

ಮೂರನೇ ಜಾತಿಯದು ಎಲ್ಲಕ್ಕಿಂತ ಕಷ್ಟದ್ದು. ಅದನ್ನು ಅರ್ಥ ಮಾಡಿಕೊಳ್ಳಲು ಕೆನಡಾಕ್ಕೆ ಹೋಗಬೇಕು.

ಒಂಟಾರಿಯೋ ಪ್ರಾಂತ್ಯದಲ್ಲಿ ಡ್ರೈಡನ್ ಅಂತ ಒಂದು ಊರು. ವಾಬಿಗೂನ್ ಹೊಳೆಯ ದಡದಲ್ಲಿ ಕಾಗದದ ಮಿಲ್ಲು. ಕಾಗದ ಬೆಳ್ಳಗಾಗಲು ಕ್ಲೋರಿನ್ ಬೇಕು. ಉಪ್ಪುನೀರಿಗೆ ಕರೆಂಟ್ ಹಾಯಿಸಿ ಕ್ಲೋರಿನ್ ತೆಗೆಯುತ್ತಾರೆ. ಹಳೆಯ ವಿಧಾನದಲ್ಲಿ ಆ ಕೆಲಸಕ್ಕೆ ಪಾದರಸ ಬಳಸುತ್ತಿದ್ದರು. 1962 ರಿಂದ 1970 ರ ತನಕ ಅಲ್ಲಿಂದ ಸುಮಾರು 9 ಟನ್ ಪಾದರಸ ಹೊಳೆಗೆ ಹೋಯಿತು.

ಹೊಳೆಯ ಕೆಳಗೆ ಗ್ರಾಸಿ ನ್ಯಾರೋಸ್, ವೈಟ್‌ಡಾಗ್ ಅನ್ನುವ ಎರಡು ಆದಿವಾಸಿ ಊರುಗಳಿವೆ. ಅನಿಶಿನಾಬೆ ಜನ. ಅವರಿಗೆ ಮೀನೇ ಅನ್ನ, ಮೀನೇ ಸಂಬಳ. ಕೆಲವರು ಮೀನು ಹಿಡಿದು ಮಾರುತ್ತಿದ್ದರು. ಇನ್ನು ಕೆಲವರು ಹೊರಗಿನಿಂದ ಗಾಳ ಹಾಕಲು ಬರುವ ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದರು. ಮಧ್ಯಾಹ್ನ ದಡದಲ್ಲೇ ಬೆಂಕಿ ಹಾಕಿ, ಆಗ ತಾನೇ ಹಿಡಿದ ಮೀನು ಹುರಿದು, ಅತಿಥಿಗಳ ಜೊತೆ ಕೂತು ತಿನ್ನುತ್ತಿದ್ದರು. ಪ್ರವಾಸಿಗರು ವಾರ ಕಳೆದು ಮನೆಗೆ ಹೋಗುತ್ತಿದ್ದರು. ಇವರು ದಿನಾ ತಿನ್ನುತ್ತಿದ್ದರು.

1970 ರಲ್ಲಿ ಮೀನಿನಲ್ಲಿ ಪಾದರಸ ಇದೆ ಅಂತ ಬಯಲಾಯಿತು. ಮೀನು ಮಾರುವುದು ನಿಂತಿತು. ಒಂದೇ ವರ್ಷದಲ್ಲಿ ಊಟವೂ ಹೋಯಿತು, ಕೆಲಸವೂ ಹೋಯಿತು. ಪೈಪೂ ಹೆಚ್ಚುಕಡಿಮೆ ಆಗಲೇ ಮುಚ್ಚಿತು. ಅದಾಗಿ ಐವತ್ತು ವರ್ಷಕ್ಕೂ ಜಾಸ್ತಿ ಆಗಿದೆ. ಮೀನು ಇನ್ನೂ ಸರಿಯಾಗಿಲ್ಲ.

ಯಾಕೆ? ಇಲ್ಲಿ ಸ್ವಲ್ಪ ನಿಧಾನ ಮಾಡಿ ನೋಡಬೇಕು.

ಪಾದರಸ ಒಂದು ಧಾತು. ಸಕ್ಕರೆಯ ಹಾಗೆ ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಇಲ್ಲ. ಅದು ಹೊಳೆಯ ತಳದ ಕೆಸರಿಗೆ ಅಂಟಿಕೊಂಡು ಕೂರುತ್ತದೆ. ಕೂತಲ್ಲೇ ಕೂತಿದ್ದರೆ ಅಷ್ಟು ಅಪಾಯ ಇರುತ್ತಿರಲಿಲ್ಲ. ಆದರೆ ಕೆಸರಿನ ಒಳಗೆ, ಗಾಳಿಯಾಡದ ಕಡೆ, ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮಿಥೈಲ್ ಪಾದರಸ ಅನ್ನುವ ಬೇರೆ ರೂಪಕ್ಕೆ ತಿರುಗಿಸುತ್ತವೆ. ಈ ರೂಪ ಜೀವದ ಒಳಗೆ ಸುಲಭವಾಗಿ ಹೋಗುತ್ತದೆ, ಹೊರಗೆ ಬರುವುದು ಬಹಳ ನಿಧಾನ.

ಮೊದಲು ಪಾಚಿಗೆ. ಪಾಚಿ ತಿಂದ ಹುಳಕ್ಕೆ. ನೂರಾರು ಹುಳ ತಿಂದ ಸಣ್ಣ ಮೀನಿಗೆ. ನೂರಾರು ಸಣ್ಣ ಮೀನು ನುಂಗಿದ ದೊಡ್ಡ ಮೀನಿಗೆ. ನಮ್ಮ ಕಡೆ ಕೊರವ, ಬಾಳೆ ಮೀನು ಹೇಗೋ ಹಾಗೆ ಬೇಟೆಯಾಡುವ ಮೀನುಗಳಿಗೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಗಂಟು ದೊಡ್ಡದಾಗುತ್ತದೆ. ನೀರಿನಲ್ಲಿ ಇರುವುದಕ್ಕಿಂತ ದೊಡ್ಡ ಮೀನಿನ ಮಾಂಸದಲ್ಲಿ ಹತ್ತು ಲಕ್ಷ ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಇರುತ್ತದೆ. ಹಾಗಾಗಿ ನೀರು ಪರೀಕ್ಷೆ ಮಾಡಿ ‘ಏನೂ ಇಲ್ಲ, ಕುಡಿಯಬಹುದು’ ಅಂದರೂ ಅದೇ ಹೊಳೆಯ ಮೀನು ತಿನ್ನಲು ಆಗದಿರಬಹುದು. ಚರ್ಮ ಸುಲಿದರೆ, ಎಣ್ಣೆ ತೆಗೆದರೆ, ಚೆನ್ನಾಗಿ ಬೇಯಿಸಿದರೆ ಹೋಗುವುದಿಲ್ಲ. ಅದು ಮಾಂಸಕ್ಕೇ ಅಂಟಿರುತ್ತದೆ.

ಕೊನೆಯ ಮೆಟ್ಟಿಲಲ್ಲಿ ಇರುವುದು ಮೀನು ತಿನ್ನುವ ಮನುಷ್ಯ. ಮಿಥೈಲ್ ಪಾದರಸ ನರಗಳನ್ನು ಹಾಳು ಮಾಡುತ್ತದೆ. ಕೈಕಾಲು ಜೋಮು ಹಿಡಿಯುತ್ತದೆ. ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ. ಅಕ್ಕಪಕ್ಕದ್ದು ಕಾಣದೆ, ಕೊಳವೆಯೊಳಗಿಂದ ನೋಡಿದ ಹಾಗೆ ದೃಷ್ಟಿ ಕಿರಿದಾಗುತ್ತದೆ. ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ. ಮಗುವಿನ ಮಿದುಳು ಬೆಳೆಯುತ್ತಿರುವ ಹೊತ್ತು ಅದು. ಜಪಾನಿನ ಮಿನಮಾಟದಲ್ಲಿ 1956 ರಲ್ಲಿ ಈ ಕಾಯಿಲೆ ಮೊದಲು ದಾಖಲಾಯಿತು. ಅಲ್ಲಿಯೂ ಕಾರ್ಖಾನೆಯ ನೀರು, ಅಲ್ಲಿಯೂ ಮೀನು ತಿನ್ನುವ ಬಡವರು. ಆ ರೋಗಿಗಳನ್ನು ನೋಡಿದ್ದ ಜಪಾನಿ ವೈದ್ಯ ಮಸಾಜುಮಿ ಹರಾದ 1975 ರಲ್ಲಿ ಗ್ರಾಸಿ ನ್ಯಾರೋಸಿಗೆ ಬಂದು ಅದೇ ಲಕ್ಷಣಗಳನ್ನು ಗುರುತಿಸಿದರು.

ತಲೆಗೂದಲು ಇದಕ್ಕೆ ಸಾಕ್ಷಿ ಹೇಳುತ್ತದೆ. ತಿಂದ ಪಾದರಸದಲ್ಲಿ ಸ್ವಲ್ಪ ಬೆಳೆಯುವ ಕೂದಲಿಗೆ ಸೇರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಗೇಣು ಜಡೆಯನ್ನು ತುಂಡುತುಂಡು ಮಾಡಿ ಪರೀಕ್ಷಿಸಿದರೆ ಯಾವ ತಿಂಗಳಲ್ಲಿ ಎಷ್ಟು ಒಳಗೆ ಹೋಯಿತು ಅನ್ನುವುದು ಡೈರಿಯ ಹಾಗೆ ತೆರೆದುಕೊಳ್ಳುತ್ತದೆ. ಒಬ್ಬ ಹೆಂಗಸಿನ ಕೂದಲಲ್ಲಿ ಒಂದು ಹೊಳೆಯ ಚರಿತ್ರೆ ಇರುತ್ತದೆ ಅನ್ನುವುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ತೆಗೆಯೋದಾ, ಮುಚ್ಚೋದಾ, ಕಾಯೋದಾ

ಕೆಸರಿನಲ್ಲಿ ಕೂತ ವಿಷವನ್ನು ಏನು ಮಾಡುವುದು? ದಾರಿ ಹೆಚ್ಚಿಲ್ಲ.

ಮೊದಲನೆಯದು ಕೆಸರನ್ನೇ ಎತ್ತಿ ತೆಗೆಯುವುದು. ಮಿನಮಾಟ ಕೊಲ್ಲಿಯಲ್ಲಿ 1977 ರಿಂದ 1990 ರ ತನಕ ಇದನ್ನು ಮಾಡಿದರು. ಸುಮಾರು 15 ಲಕ್ಷ ಘನ ಮೀಟರ್ ಕೆಸರು. ಅದನ್ನು ಕೊಲ್ಲಿಯ ಒಂದು ಭಾಗದಲ್ಲಿ ತುಂಬಿ, ಮೇಲೆ ಒಳ್ಳೆಯ ಮಣ್ಣು ಹಾಕಿ ಮುಚ್ಚಿದರು. 58 ಹೆಕ್ಟೇರ್ ಹೊಸ ನೆಲವೇ ಆಯಿತು. ಕೆಟ್ಟ ಮೀನು ಹೊರಗೆ ಹೋಗದಂತೆ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಬಲೆ ತೆಗೆದಿದ್ದು 1997 ರಲ್ಲಿ. ಕಾಯಿಲೆ ಗೊತ್ತಾಗಿ 41 ವರ್ಷದ ಮೇಲೆ. ಎತ್ತುವಾಗ ಒಂದು ಭಯ ಇದೆ. ತಳ ಕಲಕಿದರೆ ಮಲಗಿದ್ದ ವಿಷ ಎದ್ದು ಕೆಳಗಿನವರ ಕಡೆ ಹೊರಡುತ್ತದೆ. ಎತ್ತಿದ್ದನ್ನು ಎಲ್ಲಿ ಹಾಕುವುದು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಒಬ್ಬರ ಅಂಗಳದ ಕಸ ಇನ್ನೊಬ್ಬರ ಅಂಗಳಕ್ಕೆ ಹೋಗಬಾರದಲ್ವಾ.

ಎರಡನೆಯದು ಮೇಲೆ ಮರಳು, ಜೇಡಿಮಣ್ಣು ಹಾಸಿ ಮುಚ್ಚುವುದು. ಕೆರೆಯಂಥ ನಿಂತ ನೀರಿಗೆ ಇದು ಹೊಂದುತ್ತದೆ. ರಭಸದ ಹೊಳೆಯಲ್ಲಿ ಒಂದು ಪ್ರವಾಹ ಸಾಕು ಕಂಬಳಿ ಎಳೆದುಹಾಕಲು.

ಮೂರನೆಯದು ಕಾಯುವುದು. ಮೇಲಿಂದ ಬರುವ ಒಳ್ಳೆಯ ಮಣ್ಣು ನಿಧಾನವಾಗಿ ತಾನೇ ಮುಚ್ಚಲಿ ಅಂತ. ಖರ್ಚು ಕಮ್ಮಿ, ಆದ್ದರಿಂದ ಸರ್ಕಾರಗಳಿಗೆ ಪ್ರೀತಿ. ಒಂಟಾರಿಯೋದಲ್ಲಿ ಆಗಿದ್ದು ಇದೇ. 1980 ರ ದಶಕದಲ್ಲೇ ವಿಜ್ಞಾನಿಗಳು ಶುದ್ಧ ಮಾಡುವ ದಾರಿಗಳನ್ನು ಹೇಳಿದ್ದರು. ಸರ್ಕಾರ ಪ್ರಕೃತಿಯೇ ಸರಿಮಾಡಲಿ ಅಂತ ಬಿಟ್ಟಿತು. 1985 ರಲ್ಲಿ ಎರಡೂ ಊರುಗಳಿಗೆ ಸೇರಿ ಸುಮಾರು 1.67 ಕೋಟಿ ಕೆನಡಾ ಡಾಲರ್ ಪರಿಹಾರದ ಒಪ್ಪಂದ ಆಯಿತು. ಹೊಳೆ ಹಾಗೇ ಇತ್ತು. ಜನ ರಸ್ತೆ ತಡೆದರು, ದೂರದ ರಾಜಧಾನಿಗೆ ನಡೆದರು, ತಮ್ಮದೇ ವಿಜ್ಞಾನಿಗಳನ್ನು ಕರೆಸಿದರು. 2016 ರಲ್ಲಿ ಆ ವಿಜ್ಞಾನಿಗಳು ಹೊಳೆಯನ್ನು ಈಗಲೂ ಶುದ್ಧ ಮಾಡಬಹುದು ಅಂತ ವರದಿ ಕೊಟ್ಟರು. 2017 ರಲ್ಲಿ ಒಂಟಾರಿಯೋ 8.5 ಕೋಟಿ ಡಾಲರ್ ಎತ್ತಿಡಲು ಒಪ್ಪಿತು. 2020 ರಲ್ಲಿ ಕೆನಡಾ ಸರ್ಕಾರ ಪಾದರಸದ ರೋಗಿಗಳಿಗೆ ಊರಲ್ಲೇ ಆರೈಕೆ ಕೇಂದ್ರ ಕಟ್ಟಲು ಒಪ್ಪಂದ ಮಾಡಿಕೊಂಡಿತು. 2024 ರಲ್ಲಿ ಊರಿನವರು ಎರಡೂ ಸರ್ಕಾರಗಳ ಮೇಲೆ ಮತ್ತೆ ಕೋರ್ಟಿಗೆ ಹೋದರು.

ಅದೇ 2024 ರಲ್ಲಿ ಇನ್ನೊಂದು ವಿಷಯ ಹೊರಬಂತು. ಇದು ನಮ್ಮ ಕಾಫಿ ನೀರಿಗೂ ಹತ್ತಿರದ್ದು. ಈಗ ಮಿಲ್ಲಿನಿಂದ ಬರುವ ನೀರಿನಲ್ಲಿ ಸಲ್ಫೇಟ್ ಮತ್ತು ಕೊಳೆಯುವ ಪದಾರ್ಥ ಇದೆ. ಬೇರೆ ಹೊಳೆಯಲ್ಲಿ ಅವು ದೊಡ್ಡ ವಿಷ ಅನ್ನಿಸಿಕೊಳ್ಳುವುದಿಲ್ಲ. ಇಲ್ಲಿ ಅವು ಕೆಸರಿನ ಬ್ಯಾಕ್ಟೀರಿಯಾಗಳಿಗೆ ಊಟ. ಊಟ ಸಿಕ್ಕ ಬ್ಯಾಕ್ಟೀರಿಯಾಗಳು ಹಳೆಯ ಪಾದರಸವನ್ನು ಇನ್ನೂ ಜಾಸ್ತಿ ಮಿಥೈಲ್ ಪಾದರಸ ಮಾಡುತ್ತವೆ. ಮೊದಲನೇ ಜಾತಿಯ ಕೊಳೆ ಮೂರನೇ ಜಾತಿಯದನ್ನು ಎಬ್ಬಿಸಿದ ಹಾಗೆ. ಒಂದೊಂದು ಪೈಪನ್ನು ಬೇರೆಬೇರೆ ಅಳೆದು ‘ಇದು ಮಿತಿಯೊಳಗೆ ಇದೆ’ ಅಂದರೆ ಸಾಲದು. ಹೊಳೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸುತ್ತದೆ.

ಶುದ್ಧ ಆಯ್ತು ಅಂತ ಯಾರು ಹೇಳಬೇಕು?

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒನೊಂಡಾಗ ಸರೋವರ ಇದೆ. ಒನೊಂಡಾಗ ಆದಿವಾಸಿಗಳಿಗೆ ಅದು ಪವಿತ್ರ. ಅಲ್ಲಿಗೂ ಕ್ಲೋರಿನ್ ಕಾರ್ಖಾನೆಯ ಪಾದರಸ ಸೇರಿತ್ತು. ಕಂಪನಿ ದುಡ್ಡು ಕೊಟ್ಟು 2012 ರಿಂದ 2014 ರ ತನಕ ಕೆಸರು ಎತ್ತಿಸಿತು, ತಳದ ಒಂದಷ್ಟು ಭಾಗವನ್ನು ಮುಚ್ಚಿಸಿತು. ನೀರಿನ ಆಳಕ್ಕೆ ನೈಟ್ರೇಟ್ ಬಿಟ್ಟು ಮಿಥೈಲ್ ಪಾದರಸ ಹುಟ್ಟುವುದನ್ನೇ ತಗ್ಗಿಸುವ ಉಪಾಯವನ್ನೂ ಮಾಡಿದರು. ಎಂಜಿನಿಯರುಗಳ ಲೆಕ್ಕದಲ್ಲಿ ದೊಡ್ಡ ಗೆಲುವು. ಒನೊಂಡಾಗ ಜನ ಮಾತ್ರ ಒಪ್ಪಲಿಲ್ಲ. ಮುಚ್ಚಿಟ್ಟರೆ ಹೋದ ಹಾಗಾಗುವುದಿಲ್ಲ, ನಮಗೆ ಬೇಕಾದ್ದು ಮೀನು ತಿನ್ನಬಹುದಾದ ಸರೋವರ ಅನ್ನುವುದು ಅವರ ವಾದ.

ಇಬ್ಬರ ಅಳತೆಗೋಲೂ ಬೇರೆ. ಇಷ್ಟು ಮೀನು ತಿಂದರೆ ಅಪಾಯ ಇಲ್ಲ ಅಂತ ಮಿತಿ ಹಾಕುವಾಗ ಒಬ್ಬ ಸರಾಸರಿ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅವನು ಪೇಟೆಯವನು. ವಾರಕ್ಕೋ ತಿಂಗಳಿಗೋ ಒಂದು ಸಲ ಮೀನು ತಿನ್ನುತ್ತಾನೆ. ಹೊಳೆಯ ದಡದವರು ವಾರದಲ್ಲಿ ನಾಲ್ಕೈದು ದಿನ ತಿನ್ನುತ್ತಾರೆ. ‘ತಿನ್ನಬೇಡಿ’ ಅಂತ ಬೋರ್ಡ್ ಹಾಕಿದರೆ ಪೇಟೆಯವನಿಗೆ ಒಂದು ಊಟದ ರುಚಿ ಹೋಯಿತು ಅಷ್ಟೇ. ದಡದವರಿಗೆ ದಿನದ ಪೌಷ್ಟಿಕ ಊಟ ಹೋಗುತ್ತದೆ. ಅಂಗಡಿಯ ಸಾಮಾನಿಗೆ ಕೂಲಿ ದುಡ್ಡು ಹೋಗುತ್ತದೆ. ಮಕ್ಕಳಿಗೆ ಏಡಿ ಹಿಡಿಯುವುದು, ಮೀನು ಹತ್ತುವ ಹೊತ್ತು ತಿಳಿಯುವುದು, ಎಲ್ಲ ಮರೆತುಹೋಗುತ್ತದೆ. ಇದನ್ನು ಪರಿಹಾರದ ಚೆಕ್ಕಿನಲ್ಲಿ ಬರೆಯಲು ಆಗುವುದಿಲ್ಲ. ಅದಕ್ಕೇ ನಾನು ಗಟ್ಟಿಯಾಗಿ ನಂಬುತ್ತೇನೆ, ಹೊಳೆ ಶುದ್ಧ ಆಯ್ತಾ ಅನ್ನುವ ಮಾತನ್ನು ಹೇಳಬೇಕಾದವರು ಅದರಿಂದ ಉಣ್ಣುವವರು.

ನಮ್ಮ ಕಾನೂನು ಇದಕ್ಕೆ ಜಾಗ ಕೊಟ್ಟಿದೆ, ನಾವು ಬಳಸುವುದು ಕಮ್ಮಿ. 2006 ರ ಅರಣ್ಯ ಹಕ್ಕು ಕಾಯ್ದೆ ಅಂದರೆ ಜಮೀನಿನ ಹಕ್ಕುಪತ್ರ ಅಂತ ಮಾತ್ರ ತಿಳಿದಿದ್ದೇವೆ. ಅದರಲ್ಲಿ ಮೀನು ಮತ್ತು ನೀರಿನ ಇತರ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕೂ ಇದೆ. ಸುತ್ತಲಿನ ಜಲಾನಯನ, ನೀರಿನ ಮೂಲಗಳನ್ನು ಕಾಪಾಡಿಕೊಳ್ಳುವ ಅಧಿಕಾರ ಗ್ರಾಮಸಭೆಗೆ ಇದೆ. ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಆ ಸಮುದಾಯದವರು ಬಳಸುವ ನೀರಿನ ಮೂಲವನ್ನು ಕೆಡಿಸಿ ಅದರ ಬಳಕೆಯ ಯೋಗ್ಯತೆ ಕಮ್ಮಿ ಮಾಡುವುದನ್ನೂ ಅಪರಾಧ ಅಂತ ಬರೆದಿದೆ. ತೋಟದವರು ಹೆಚ್ಚಿನವರಿಗೆ ಇದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

1974 ರ ಜಲ ಕಾಯ್ದೆಯ ಪ್ರಕಾರ ಕೊಳೆ ನೀರು ಬಿಡುವ ಯಾವುದೇ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ದೂರು ಕೊಡುವವರು ಒಂದು ವಿಷಯ ತಿಳಿದಿರಬೇಕು. ನಾವು ಬಾಟಲಿಯಲ್ಲಿ ಹಿಡಿದ ನೀರು ಕೇಸಿಗೆ ಸಾಕ್ಷಿ ಆಗುವುದಿಲ್ಲ. ಮಂಡಳಿಯ ಅಧಿಕಾರಿಯೇ ಬಂದು, ಘಟಕದವರಿಗೆ ತಿಳಿಸಿ, ಮಾದರಿ ತೆಗೆದು, ಸೀಲ್ ಮಾಡಿ ಲ್ಯಾಬಿಗೆ ಕಳಿಸಬೇಕು. ಆದರೆ ತಾರೀಕು, ಹೊತ್ತು ಕಾಣುವ ಫೋಟೊ, ವಾಸನೆ ಬಣ್ಣಗಳ ದಿನಚರಿ, ಎಷ್ಟು ಗಂಟೆಗೆ ಬಂದರೆ ಸಿಗುತ್ತದೆ ಅನ್ನುವ ಮಾಹಿತಿ, ಇವು ಅಧಿಕಾರಿಯನ್ನು ಸರಿಯಾದ ಹೊತ್ತಿಗೆ ಕರೆಸುತ್ತವೆ. 2010 ರ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿ ಪರಿಹಾರ ಮಾತ್ರ ಅಲ್ಲ, ಹೊಳೆಯನ್ನು ಮೊದಲಿನಂತೆ ಮಾಡಿಸಿಕೊಡಿ ಅಂತಲೂ ಕೇಳಬಹುದು. ಅದಕ್ಕೆ 5 ವರ್ಷದ ಗಡುವಿದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೀಠಕ್ಕೆ ಹೋಗುತ್ತವೆ.

ಕೆಡಿಸಿದವರೇ ಖರ್ಚು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1996 ರಲ್ಲೇ ರಾಜಸ್ಥಾನದ ಬಿಚ್ಛ್ರಿ ಹಳ್ಳಿಯ ಕೇಸಿನಲ್ಲಿ ಹೇಳಿತು. ಅಲ್ಲಿ ರಾಸಾಯನಿಕ ಕಾರ್ಖಾನೆಗಳಿಂದ ಬಾವಿಗಳ ನೀರು ಕೆಂಪಾಗಿತ್ತು. 15 ವರ್ಷ ಆದ ಮೇಲೆ, 2011 ರಲ್ಲಿ, ಕಟ್ಟದೆ ಉಳಿದ ಹಣಕ್ಕೆ ಅದೇ ಕೋರ್ಟು ಚಕ್ರಬಡ್ಡಿ ಹಾಕಬೇಕಾಯಿತು. ಕೊಳೆ ತೊಟ್ಟಿಯಲ್ಲಿ ಇರುವಾಗ ಸುಣ್ಣ ಹಾಕುವ ಖರ್ಚಿಗೂ, ಹೊಳೆಗೆ ಇಳಿದ ಮೇಲೆ ಓಡಾಡುವ ಖರ್ಚಿಗೂ ಹೋಲಿಕೆಯೇ ಇಲ್ಲ.

ನಮ್ಮ ತೋಟದಲ್ಲಿ ಈಗ ತೊಟ್ಟಿಗಳಿವೆ. ನೀರು ಹಳ್ಳಕ್ಕೆ ಹೋಗುವುದಿಲ್ಲ. ಹಾಗಾದರೆ ಹಳ್ಳ ಸರಿಯಾಯಿತಾ? ಅಜ್ಜಿಯನ್ನೇ ಕೇಳಿದೆ. ಅವರು ನೀರು ನೋಡಲಿಲ್ಲ, ತಳದ ಒಂದು ಕಲ್ಲು ಎತ್ತಿ ಮಗುಚಿದರು. ಒಳ್ಳೆಯ ಹಳ್ಳದ ಕಲ್ಲಿನ ಅಡಿಯಲ್ಲಿ ಬಾಲ ಎರಡು ಮೂರು ಕವಲಾದ ಚಪ್ಪಟೆ ಹುಳುಗಳಿರುತ್ತವೆ. ಮರಳು, ಕಡ್ಡಿ ಅಂಟಿಸಿ ಮಾಡಿದ ಸಣ್ಣ ಗೂಡುಗಳಿರುತ್ತವೆ, ಒಳಗೆ ಹುಳ ಇರುತ್ತದೆ. ಇವುಗಳಿಗೆ ಉಸಿರು ತುಂಬಾ ಬೇಕು, ಕೆಟ್ಟ ನೀರಿನಲ್ಲಿ ಮೊದಲು ಹೋಗುವುದೇ ಇವು. ಕೆಟ್ಟಲ್ಲಿ ಉಳಿಯುವುದು ಕೆಂಪು ದಾರದಂಥ ಹುಳ. ಜಗತ್ತಿನ ಎಲ್ಲ ಕಡೆ ನದಿ ವಿಜ್ಞಾನಿಗಳು ಮಾಡುವ ಪರೀಕ್ಷೆಯೂ ಇದೇ.

ಈಗ ತಿಂಗಳಿಗೊಮ್ಮೆ ಅಜ್ಜಿಯ ಮೊಮ್ಮಗಳು ಶಾಲೆಯ ನೋಟ್‌ಬುಕ್ ತಂದು ಇದನ್ನು ಬರೆದಿಡುತ್ತಾಳೆ. ಪಲ್ಪರ್‌ಗಿಂತ ಮೇಲಿನ ಹಳ್ಳದಲ್ಲಿ ಹತ್ತು ಕಲ್ಲು, ಕೆಳಗೆ ಹತ್ತು ಕಲ್ಲು. ಹೋದ ತಿಂಗಳ ಪುಟದಲ್ಲಿ ಮೇಲಿನ ಹತ್ತು ಕಲ್ಲಿಗೆ 61 ಗೂಡು ಅಂತ ಇದೆ. ಕೆಳಗಿನದಕ್ಕೆ 17.